ಆಟದ ಸಾಮಾನು ಎಂದವರಿಗೆ

ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಕಲಾಪ್ರದರ್ಶನ ನಡೆಯುತ್ತದೆ. ಯಾವುದನ್ನು ಇಡಬೇಕು, ಯಾವುದನ್ನು ಹಿಂದಕ್ಕೆ ಕಳುಹಿಸಬೇಕು ಎಂದು ತೀರ್ಮಾನಿಸುವ ಸಮಿತಿಯಲ್ಲಿ ನಾನೂ ಒಬ್ಬ. ಕನ್ನಡದ ಅಧ್ಯಾಪಕನಿಗೆ ಅಲ್ಲೇನು ಕೆಲಸವೆಂದು ವಾಚಕರು ಕೇಳಬಾರದು. ಸಮಿತಿಗಳು ಹಾಗೆಯೇ ಹುಟ್ಟುತ್ತವೆ. ಈ ಸಲ ಬಿ.ಎಸ್‌ಸಿ. ಎರಡನೆಯ ವರ್ಷದ ಹುಡುಗನೊಬ್ಬ ಹಳೆಯ ಟವಲಿನಲ್ಲಿ ಏನನ್ನೋ ಸುತ್ತಿ ತಂದಿದ್ದ. ಬಿಚ್ಚಿದರೆ ಒಂದೂಕಾಲು ಗೇಣು ಉದ್ದದ ಲೋಹದ ಹಿಡಿ. ಯಾವುದೋ ಯಂತ್ರದಿಂದ ಕಳಚಿಕೊಂಡು ಬಂದದ್ದರಂತೆ ಕಾಣುತ್ತಿತ್ತು. 1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಓಬಿ-ವಾನ್ ಕೆನೋಬಿ ಎಂಬ ಮುದುಕ ಬಳಸುವ ಬೆಳಕಿನ ಕತ್ತಿಯ ಹಿಡಿ ಅದು. ಸೋದರಮಾವನ ಸೈಕಲ್ ಅಂಗಡಿಯಲ್ಲಿ ಕುಳಿತು ಐದು ತಿಂಗಳು ಕೆಲಸಮಾಡಿ ಹುಡುಗ ಅದನ್ನು ತಾನೇ ಮಾಡಿದ್ದ.

ಸಮಿತಿಯ ಅಧ್ಯಕ್ಷರು ನನಗಿಂತ ಹಿರಿಯರು, ಓದಿಕೊಂಡವರು. ಅದನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, “ಇದು ಕಲೆಯಲ್ಲಪ್ಪ, ಆಟದ ಸಾಮಾನು. ಅದೂ ಪರದೇಶದವರದರ ನಕಲು” ಎಂದರು. ನಿರ್ಣಯದ ಹಾಳೆ ಮೇಜಿನ ಸುತ್ತ ಬಂತು. ನಾನೂ ರುಜು ಹಾಕಿದೆ. ಹುಡುಗ ವಸ್ತುವನ್ನು ಮತ್ತೆ ಟವಲಿನಲ್ಲಿ ಸುತ್ತಿಕೊಂಡು, “ಆಗಲಿ ಸಾರ್” ಎಂದು ಹೊರಟುಹೋದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದು ಬಡಾಯಿ ಕೊಚ್ಚುವುದಿಲ್ಲ. ಚೆನ್ನಾಗಿಯೇ ಬಂತು. ನಾಲ್ಕಾರು ದಿನಗಳ ಮೇಲೆ, ಮನಸ್ಸಿನಲ್ಲಿ ಏನೋ ಕುಟುಕುತ್ತಿದ್ದುದರಿಂದ, ಆ ಸೈಕಲ್ ಅಂಗಡಿಯನ್ನು ವಿಚಾರಿಸಿಕೊಂಡು ಹೋದೆ. ಹೋಗಿ ನೋಡಿದ ಮೇಲೆ, ಆಮೇಲೆ ಅಷ್ಟಿಷ್ಟು ಓದಿ ತಿಳಿದ ಮೇಲೆ, ನಾವು ರುಜು ಹಾಕಿದ ಹಾಳೆಯಲ್ಲಿದ್ದ ಮೂರು ಮಾತುಗಳಲ್ಲಿ ಒಂದೂ ನಿಲ್ಲುವುದಿಲ್ಲವೆಂದು ನನಗೆ ತೋರಿತು. ಅಧ್ಯಕ್ಷರ ಮೇಲೆ ನನಗೆ ವೈಯಕ್ತಿಕವಾದ ಯಾವ ಅಸಮಾಧಾನವೂ ಇಲ್ಲ. ಅವರಾಡಿದ್ದು ನಮ್ಮಂಥ ಓದುಬರಹದ ಜನರೆಲ್ಲ ಆಡುವ ಮಾತೇ. ಆದಕಾರಣವೇ ಬಹಿರಂಗವಾಗಿ ಉತ್ತರ ಹೇಳಬೇಕಾಗಿದೆ.

ಮೊದಲು, ಯಾವುದರ ನಕಲು ಎಂಬುದನ್ನು ನೋಡೋಣ. ಆ ಚಿತ್ರ ತಯಾರಾದಾಗ ಅದಕ್ಕೆ ಹಣ ಹೇರಳವಾಗಿರಲಿಲ್ಲ. ಕಥಾನಾಯಕ ಲ್ಯೂಕನ ಕತ್ತಿಯ ಹಿಡಿಗಾಗಿ ವಸ್ತು ಹುಡುಕುತ್ತಿದ್ದ ರೋಜರ್ ಕ್ರಿಶ್ಚಿಯನ್ ಎಂಬುವರಿಗೆ ಲಂಡನ್ನಿನ ಒಂದು ಕ್ಯಾಮೆರಾ ಅಂಗಡಿಯಲ್ಲಿ ಗ್ರಾಫ್ಲೆಕ್ಸ್ ಕಂಪನಿಯ ಹಳೆಯ ಫ್ಲ್ಯಾಷ್‌ಗನ್ನಿನ ಹಿಡಿಗಳು ಸಿಕ್ಕವು. ಹಿಂದೆ ಪತ್ರಿಕೆಗಳ ಛಾಯಾಗ್ರಾಹಕರು ಬಲ್ಬು ಸಿಕ್ಕಿಸಿ ಹಿಡಿಯುತ್ತಿದ್ದ ಕೊಳವೆ ಅದು. ಅದಕ್ಕೆ ಕಪ್ಪು ಪಟ್ಟಿಗಳನ್ನು ಅಂಟಿಸಿ, ಕ್ಯಾಲ್ಕುಲೇಟರಿನಿಂದ ಕಿತ್ತ ಗುಳ್ಳೆಗುಳ್ಳೆಯಾದ ಒಂದು ತುಂಡನ್ನು ಕೂರಿಸಿದರು. ಲೋಕದ ಕೋಟ್ಯಂತರ ಮಕ್ಕಳು ಕನಸಿನಲ್ಲಿ ಕಂಡ ಕತ್ತಿ ತಯಾರಾಯಿತು. ಕೆನೋಬಿಯ ಹಿಡಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಅದರಲ್ಲಿ ರೋಲ್ಸ್‌ ರಾಯ್ಸ್ ಜೆಟ್ ಎಂಜಿನಿನ ಒಂದು ಕೊಳವೆಯ ತುಂಡಿದೆ, ಮೊದಲನೆಯ ಮಹಾಯುದ್ಧದ ಕಾಲದ ಒಂದು ಬ್ರಿಟಿಷ್ ಗ್ರೆನೇಡಿನ ಭಾಗವಿದೆ, ಮೆಷಿನ್‌ಗನ್ನಿನ ಒಂದು ಬಿಡಿಭಾಗವಿದೆ. ತುದಿಯಲ್ಲಿರುವುದು ಸ್ನಾನದ ಮನೆಯ ನಲ್ಲಿಯ ತಿರುಪು. ಆ ಚಿತ್ರಕ್ಕೆ ಕಲಾನಿರ್ದೇಶನದ ಆಸ್ಕರ್ ಬಂದಾಗ ಅದನ್ನು ಹಂಚಿಕೊಂಡವರಲ್ಲಿ ಕ್ರಿಶ್ಚಿಯನ್ ಒಬ್ಬರು. ಅವರ ವಸ್ತುವನ್ನು ನಮ್ಮ ಸಮಿತಿಯ ಮುಂದೆ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಗುಜರಿ ಎಂದು ಬರೆದು ರುಜು ಹಾಕುತ್ತಿದ್ದೆವು.

ಈಗ ನಮ್ಮ ಹುಡುಗನ ಹಿಡಿ. ಜೆಟ್ ಎಂಜಿನಿನ ಕೊಳವೆ ಅವನಿಗೆ ಎಲ್ಲಿಂದ ಬರಬೇಕು? ಸೈಕಲ್ ಪಂಪಿನ ಕೊಳವೆಯನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ಆ ಅಳತೆಗೆ ತಂದಿದ್ದ. ನಡುವಿನ ಏಣುಏಣಾದ ಭಾಗವನ್ನು ಪಕ್ಕದ ಲೇತ್ ಅಂಗಡಿಯವರ ಕೈಕಾಲು ಹಿಡಿದು ಅಲ್ಯುಮಿನಿಯಂ ಸರಳಿನಲ್ಲಿ ಕಡೆಸಿಕೊಂಡಿದ್ದ. ಅಡ್ಡಗೆರೆಗಳನ್ನು ತಾನೇ ಅರ ಹಿಡಿದು ಉಜ್ಜಿದ್ದ. ಸಂದುಗಳಿಗೆ ಎಂ-ಸೀಲ್. ಅದು ಗಟ್ಟಿಯಾದ ಮೇಲೆ ಒರಟಾದ ಎಮರಿ ಕಾಗದ, ಆಮೇಲೆ ನಯವಾದದ್ದು, ಆಮೇಲೆ ಇನ್ನೂ ನಯವಾದದ್ದು. ನಲ್ಲಿಯ ತಿರುಪು ಮಾತ್ರ ನಿಜವಾಗಿಯೂ ನಲ್ಲಿಯ ತಿರುಪೇ, ಪಕ್ಕದ ಬೀದಿಯಲ್ಲಿ ಹಳೆಯ ಮನೆ ಕೆಡವುವಾಗ ಸಿಕ್ಕದ್ದು. ಅದನ್ನು ತೋರಿಸುವಾಗ ಅವನ ಮುಖ ಅರಳಿದ್ದನ್ನು ನೋಡಬೇಕಾಗಿತ್ತು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಇದಾವುದೂ ಅಲ್ಲ, ಕೊಳೆ. ವಸ್ತು ತಯಾರಾದ ಮೇಲೆ ಅದು ಹೊಸದಾಗಿ ಪಳಪಳನೆ ಹೊಳೆಯುತ್ತದೆ. ಹೊಳೆಯುವುದನ್ನು ಹಳೆಯದಾಗಿಸುವುದು ಈ ಹವ್ಯಾಸಿಗಳ ಕೊನೆಯ ಕೆಲಸ, ಎಲ್ಲಕ್ಕಿಂತ ಕಷ್ಟದ ಕೆಲಸ. ಕಪ್ಪು ಬಣ್ಣವನ್ನು ತೆಳ್ಳಗೆ ಕದಡಿ ಮೈಗೆಲ್ಲ ಬಳಿದು, ಆರುವ ಮುಂಚೆ ಬಟ್ಟೆಯಲ್ಲಿ ಒರೆಸಬೇಕು; ಗೆರೆಗಳಲ್ಲಿ ಕಪ್ಪು ಉಳಿಯುತ್ತದೆ, ಉಬ್ಬಿನಲ್ಲಿ ಹೋಗುತ್ತದೆ. ಎಲ್ಲಿ ಎಷ್ಟು ಉಳಿಯಬೇಕು? ಹುಡುಗ ಹೇಳಿದ: “ಈ ಮುದುಕ ಬಹಳ ವರ್ಷ ಮರಳುಗಾಡಿನಲ್ಲಿ ಇದ್ದವನು, ಸಾರ್. ಕತ್ತಿಯನ್ನು ಹೆಚ್ಚು ಬಳಸಿಲ್ಲ. ಆದರೆ ಬಿಸಾಡಿಯೂ ಇಲ್ಲ, ಆಗಾಗ್ಗೆ ತೆಗೆದು ಒರೆಸಿ ಇಟ್ಟಿದ್ದಾನೆ. ಅದಕ್ಕೇ ಒಳಗಡೆ ಧೂಳು ಕೂತಿರಬೇಕು, ಹೆಬ್ಬೆರಳು ತಗಲುವ ಕಡೆ ಮಾತ್ರ ನುಣುಪಾಗಿರಬೇಕು. ಮೊದಲನೆಯ ಸಲ ಎಲ್ಲ ಕಡೆಯೂ ಒಂದೇ ಸಮ ಕಪ್ಪು ಬಳಿದೆ. ಅದು ಯಾರದೂ ಅಲ್ಲದ ಕತ್ತಿ ಆಯಿತು. ಎಲ್ಲ ಉಜ್ಜಿ ತೆಗೆದುಬಿಟ್ಟೆ.”

ಯಾರದೂ ಅಲ್ಲದ ಕತ್ತಿ! ನಾನು ಇಪ್ಪತ್ತು ವರ್ಷದಿಂದ ಪಾತ್ರವಿಮರ್ಶೆ ಪಾಠ ಹೇಳುತ್ತಿದ್ದೇನೆ. ಪಂಪನ ಕರ್ಣ, ರನ್ನನ ದುರ್ಯೋಧನ ಇವರ ಪಾತ್ರವನ್ನು ವಿವರಿಸಿ ಎಂದು ಪ್ರತಿವರ್ಷ ಪ್ರಶ್ನೆ ಕೊಡುತ್ತೇನೆ, ಗೈಡಿನಿಂದ ಬಾಯಿಪಾಠ ಮಾಡಿದ ಎರಡು ಪುಟ ಪ್ರತಿವರ್ಷ ಬರುತ್ತದೆ, ಹತ್ತಕ್ಕೆ ಏಳು ಕೊಡುತ್ತೇನೆ. ಆ ಎರಡು ಪುಟಗಳ ಕರ್ಣ ಯಾರ ಕರ್ಣನೂ ಅಲ್ಲ. ಒಂದು ಪಾತ್ರದ ಹೆಬ್ಬೆರಳು ಎಲ್ಲಿ ತಗಲುತ್ತದೆಂದು ಯೋಚಿಸಿದ ವಿದ್ಯಾರ್ಥಿಯನ್ನು ನಾನು ಕಂಡದ್ದು ಅದೇ ಮೊದಲು, ಅವನನ್ನು ನಾವು ಪ್ರದರ್ಶನದಿಂದ ಹೊರಗೆ ಕಳುಹಿಸಿದ್ದೆವು.

ನಕಲು ಎಂಬ ಮಾತಿಗೆ ಬರುತ್ತೇನೆ. ಈ ಮಾತನ್ನು ಕನ್ನಡ ಸಾಹಿತ್ಯ ಓದಿದವರು ಆಡಬಾರದು. ಪೊನ್ನನ ಶಾಂತಿಪುರಾಣವನ್ನು ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ನಾವು ತರಗತಿಯಲ್ಲಿ ಎದೆಯುಬ್ಬಿಸಿ ಹೇಳುತ್ತೇವೆ. ಆ ಸಾವಿರ ಪ್ರತಿ ಮಾಡಿದವರು ಯಾರು? ಓಲೆಗರಿಯ ಮೇಲೆ ಕಂಠವನ್ನೊತ್ತಿ ಅಕ್ಷರ ಅಕ್ಷರವಾಗಿ ಕೊರೆದ ಲಿಪಿಕಾರರು ನಕಲುಗಾರರೇ. ಬೆನ್ನು ಬಗ್ಗಿತು, ಕಣ್ಣು ಸೋತಿತು, ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಗ್ರಂಥದ ಕೊನೆಯಲ್ಲಿ ಅಲವತ್ತುಕೊಂಡ ಆ ಜನ ಇಲ್ಲದಿದ್ದರೆ ನನಗೂ ಅಧ್ಯಕ್ಷರಿಗೂ ಸಂಬಳವಿರುತ್ತಿರಲಿಲ್ಲ. ನಕಲು ಮಾಡುವವನು ಮೂಲವನ್ನು ಎಷ್ಟು ಹತ್ತಿರದಿಂದ ನೋಡುತ್ತಾನೋ ಅಷ್ಟು ಹತ್ತಿರದಿಂದ ಬೇರೆ ಯಾರೂ ನೋಡುವುದಿಲ್ಲ, ಮೂಲವನ್ನು ಮಾಡಿದವನೂ ಒಮ್ಮೊಮ್ಮೆ ನೋಡಿರುವುದಿಲ್ಲ.

ಇದು ನನ್ನ ಅಲಂಕಾರದ ಮಾತಲ್ಲ. ‘ಬ್ಲೇಡ್ ರನ್ನರ್’ ಎಂಬ 1982ರ ಚಿತ್ರದಲ್ಲಿ ನಾಯಕನ ಕೈಯಲ್ಲಿ ಒಂದು ವಿಚಿತ್ರವಾದ ಪಿಸ್ತೂಲಿದೆ. ಒಂದು ಸ್ಟೈಯರ್ ಕೋವಿಯ ಭಾಗವನ್ನೂ ಒಂದು ರಿವಾಲ್ವರನ್ನೂ ಕೂಡಿಸಿ ಕಟ್ಟಿದ್ದು. ಚಿತ್ರ ಮುಗಿದ ಮೇಲೆ ಅದು ಎಲ್ಲಿ ಹೋಯಿತೋ ಹೊರಗಿನವರಿಗೆ ತಿಳಿಯದು. ಹವ್ಯಾಸಿಗಳು ಸುಮ್ಮನಿರಲಿಲ್ಲ. ಚಿತ್ರದ ಒಂದೊಂದೇ ಚೌಕಟ್ಟನ್ನು ನಿಲ್ಲಿಸಿ ನೋಡಿ, ಈ ತಿರುಪು ಯಾವ ಅಳತೆಯದು, ಈ ನೆರಳು ಹಳ್ಳದ್ದೋ ಉಬ್ಬಿನದೋ ಎಂದು ವರ್ಷಗಟ್ಟಲೆ ವಾದಿಸಿ, ತಮ್ಮ ತಮ್ಮ ಪ್ರತಿಗಳನ್ನು ತಿದ್ದುತ್ತ ಬಂದರು. ಟೆಲಿವಿಷನ್ನಿನಿಂದ ಲೋಕಪ್ರಸಿದ್ಧನಾದ ಅಮೆರಿಕದ ಆಡಮ್ ಸ್ಯಾವೇಜ್ ಇದೇ ಪಿಸ್ತೂಲನ್ನು ಒಂದಲ್ಲ, ಹಲವು ಸಲ ಹೊಸದಾಗಿ ಮಾಡಿದವನು. ಕೊನೆಗೆ 2006ರಲ್ಲಿ ಕ್ಯಾಲಿಫೋರ್ನಿಯದ ಅನಹೈಮಿನಲ್ಲಿ ಸೇರಿದ ವೈಜ್ಞಾನಿಕ ಕಥಾಪ್ರಿಯರ ವಿಶ್ವಸಮ್ಮೇಳನದಲ್ಲಿ ಮೂಲವಸ್ತು ಪ್ರತ್ಯಕ್ಷವಾಯಿತು. ಎಲ್ಲರೂ ತಮ್ಮ ಪ್ರತಿಗಳನ್ನು ಅದರೊಡನೆ ಹೋಲಿಸಿಕೊಂಡು ಮತ್ತೆ ಅರ ಹಿಡಿದು ಕುಳಿತರು. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯನ್ನು ಬರೆದದ್ದು ಯಾವ ಕೆಲಸವನ್ನು ಕುರಿತು? ಮೂಲಪ್ರತಿ ಕಳೆದಿದೆ, ಉಳಿದಿರುವ ಪ್ರತಿಗಳಲ್ಲಿ ಸ್ಖಾಲಿತ್ಯಗಳಿವೆ, ಪಾಠಾಂತರಗಳನ್ನು ತೂಗಿನೋಡಿ ಶುದ್ಧಪಾಠಕ್ಕೆ ಹತ್ತಿರವಾಗಬೇಕು. ಅದೇ ಶ್ರದ್ಧೆ ಓಲೆಗರಿಯ ಮೇಲಿದ್ದರೆ ಪಾಂಡಿತ್ಯ, ತಿರುಪಿನ ಮೇಲಿದ್ದರೆ ಹುಡುಗಾಟವೆ?

“ಆದರೆ ಅದು ಪಂಪಭಾರತ, ಇದು ಸಿನಿಮಾ ಕಂಪನಿಯ ಸರಕು” ಎಂಬ ಮಾತು ಬಂದೇ ಬರುತ್ತದೆ. ಎರಡರ ಬೆಲೆ ಒಂದೇ ಎಂದು ನಾನು ಹೇಳಲಾರೆ. ಹೇಳಿದರೆ ನನ್ನ ನಾಲಗೆ ನನ್ನನ್ನೇ ನಂಬುವುದಿಲ್ಲ. ಕಂಪನಿಗಳು ಇದೇ ಕತ್ತಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಎರಕಹೊಯ್ದು, ದೀಪ ಹತ್ತಿಸಿ, ಸದ್ದು ಬರಿಸಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರುತ್ತವೆ ಎಂಬುದೂ ನಿಜ. ಆದರೆ ಅದನ್ನು ಕೊಳ್ಳದೆ ಇರುವವನು ಯಾರು? ಸೈಕಲ್ ಪಂಪು ಕೊಯ್ಯುತ್ತ ಕುಳಿತವನು. ಪೆಟ್ಟಿಗೆ ಕೊಂಡು ಮನೆಯಲ್ಲಿಟ್ಟ ಹುಡುಗರು ನಮ್ಮ ಕಾಲೇಜಿನಲ್ಲಿ ಹತ್ತಾರು ಮಂದಿ ಇರಬಹುದು. ಅವರಿಗೆ ನಾವು ಯಾವ ಉಪದೇಶವನ್ನೂ ಮಾಡಿಲ್ಲ.

ಇನ್ನೊಂದು ಮಾತು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ. ನಮ್ಮ ಅಧ್ಯಕ್ಷರು ಯಕ್ಷಗಾನದ ಪರಮಾಭಿಮಾನಿಗಳು. ಹಗುರವಾದ ಮರವನ್ನು ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿ ಮಾಡಿದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಕುರಿತು ಅವರು ಗಂಟೆಗಟ್ಟಲೆ ಸೊಗಸಾಗಿ ಮಾತಾಡುವುದನ್ನು ಕೇಳಿದ್ದೇನೆ. ಚೌಕಿಯ ದೀಪದಲ್ಲಿ ಮರದ ತುಂಡು, ರಂಗಸ್ಥಳದ ಬೆಳಕಿಗೆ ಬಂದೊಡನೆ ಇಂದ್ರನ ಒಡವೆ. ಇದನ್ನು ಅರಿತವರಿಗೆ ನಲ್ಲಿಯ ತಿರುಪು ಕತ್ತಿಯಾಗುವುದು ಏಕೆ ತಿಳಿಯಬಾರದು? ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ, ಸಂದಿಗೆ ಗೋಣಿಯ ಚೂರನ್ನೂ ಮರದ ಹೊಟ್ಟನ್ನೂ ಹುಣಸೆಬೀಜದ ಸರಿಯನ್ನೂ ಮೆತ್ತಿ ನಯಮಾಡುತ್ತಾರೆ. ಅಲ್ಲಿ ಹುಣಸೆಬೀಜ, ಇಲ್ಲಿ ಎಂ-ಸೀಲ್. ಬೆಂಗಳೂರಿನಲ್ಲಿ 2012ರಲ್ಲಿ ಮೊದಲಾದ ಕಾಮಿಕ್ ಕಾನ್ ಮೇಳಕ್ಕೆ ಮಕ್ಕಳು ತೊಟ್ಟುಬರುವ ಕವಚಗಳೂ ಅಷ್ಟೆ. ಚಪ್ಪಲಿಯ ಅಟ್ಟೆಗೆ ಬಳಸುವ ಇ.ವಿ.ಎ. ಹಾಳೆಯನ್ನು ತಂದು, ಅಂಚನ್ನು ಓರೆಯಾಗಿ ಕೊಯ್ದು, ಬಿಸಿಗಾಳಿ ಹಿಡಿದು ಬಗ್ಗಿಸಿ, ಅದರ ಮೈಯ ರಂಧ್ರಗಳು ಮುಚ್ಚುವವರೆಗೆ ಕಾಯಿಸಿ ಬಣ್ಣ ಹಚ್ಚಿದರೆ ಹತ್ತು ಮಾರು ದೂರದಿಂದ ಕಬ್ಬಿಣ. ಹತ್ತಿರ ಹೋದರೆ ಚಪ್ಪಲಿ. ರಂಗದ ಮಾಯೆಯೆಲ್ಲ ಆ ಹತ್ತು ಮಾರಿನಲ್ಲಿದೆ.

ಹಾಗಾದರೆ ಕಿರೀಟಕ್ಕೆ ಗೌರವ, ಹಿಡಿಗೆ ತಾತ್ಸಾರ ಏಕೆ? ಕಿರೀಟಕ್ಕೂ ನಾವು ಗೌರವ ಕೊಟ್ಟದ್ದು ಅದು ಮ್ಯೂಸಿಯಮ್ಮಿನ ಗಾಜಿನೊಳಗೆ ಸೇರಿದ ಮೇಲೆ. ಅದನ್ನು ಕೆತ್ತಿದವನನ್ನು ವೇದಿಕೆಯ ಮೇಲೆ ಕೂರಿಸಿದ್ದು ಕಡಮೆ. ಕಲ್ಪನೆಯನ್ನು ಹೊಗಳುತ್ತೇವೆ, ಅಂಟನ್ನು ಕಂಡರೆ ಮೂಗು ಮುರಿಯುತ್ತೇವೆ. ಉಗುರಿನ ಸಂದಿಯಲ್ಲಿ ಗ್ರೀಸು ಇರುವ ವಿದ್ಯಾರ್ಥಿ ಓದಿನಲ್ಲಿ ಹಿಂದೆ ಇರಲೇಬೇಕೆಂದು ನಮ್ಮ ನಂಬಿಕೆ. ಇದು ಎಲ್ಲಿಂದ ಬಂದ ನಂಬಿಕೆಯೆಂದು ನಮ್ಮ ಸಮಾಜವನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಕೈಯಿಂದ ಮಾಡುವವರನ್ನು ಕೆಳಗೂ ಬಾಯಿಂದ ಹೇಳುವವರನ್ನು ಮೇಲೂ ಕೂರಿಸಿ ಬಹಳ ಕಾಲವಾಯಿತು. ನನ್ನ ಕೈ ಸೀಮೆಸುಣ್ಣಕ್ಕಿಂತ ಭಾರವಾದದ್ದನ್ನು ಎತ್ತಿ ಎಷ್ಟು ವರ್ಷವಾಯಿತೋ ನನಗೇ ಮರೆತಿದೆ. ರುಜು ಹಾಕಿದ್ದು ಆ ಕೈ.

ಅಮೆರಿಕದವರೂ ಈ ವಿಷಯದಲ್ಲಿ ಸಾಧುಗಳಲ್ಲ. 1966ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ಅಂಗೈಯಲ್ಲಿ ಮುಚ್ಚಳ ತೆರೆದು ಮಾತಾಡುವ ಯಂತ್ರ ನೆನಪಿದೆಯೆ? ಅದನ್ನು ಮಾಡಿದವರು ವಾ ಚಾಂಗ್ ಎಂಬ ಚೀನೀ ಮೂಲದ ಶಿಲ್ಪಿ. ಯೌವನದಲ್ಲಿ ಪೋಲಿಯೊ ಬಡಿದು ಕಾಲು ಸೋತವರು, ಕೈಯೊಂದನ್ನೇ ನಂಬಿದವರು. ಪರಿಕರ ತಯಾರಕರ ಸಂಘದ ಸದಸ್ಯರಾಗಿರಲಿಲ್ಲವಾದ್ದರಿಂದ ಅವರ ಹೆಸರು ತೆರೆಯ ಮೇಲೆ ಬರಲಿಲ್ಲ.

“ಕಲೆಯಲ್ಲ” ಎಂಬ ಮಾತು ಉಳಿಯಿತು. ಈ ಪ್ರಶ್ನೆ ಒಂದು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿಬಂದಿದೆ ಎಂಬುದು ನಮ್ಮ ಸಮಿತಿಗೆ ತಿಳಿದಿರಲಿಲ್ಲ. ‘ಸ್ಟಾರ್ ವಾರ್ಸ್’ನಲ್ಲಿ ದುಷ್ಟ ಸಾಮ್ರಾಜ್ಯದ ಸೈನಿಕರು ತೊಡುವ ಬಿಳಿಯ ಶಿರಸ್ತ್ರಾಣಗಳನ್ನು, ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಗಾಳಿ ಎಳೆದು ಕೂರಿಸುವ ವಿಧಾನದಿಂದ, ಲಂಡನ್ನಿನ ಟ್ವಿಕೆನ್‌ಹ್ಯಾಮಿನ ಆಂಡ್ರ್ಯೂ ಏನ್ಸ್‌ವರ್ತ್ ಎಂಬಾತ ತಯಾರಿಸಿಕೊಟ್ಟಿದ್ದ. 2004ರಲ್ಲಿ ಆತ ಅವುಗಳ ಪ್ರತಿಗಳನ್ನು ತಾನೇ ಮಾರತೊಡಗಿದ. ಚಿತ್ರದ ಕಂಪನಿ ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ ದಾವೆ ಹೂಡಿ 2006ರಲ್ಲಿ 2 ಕೋಟಿ ಡಾಲರಿನ ತೀರ್ಪು ಪಡೆಯಿತು. ಇಂಗ್ಲೆಂಡಿಗೂ ಬಂದು, ಶಿರಸ್ತ್ರಾಣ ಒಂದು ಶಿಲ್ಪ, ಆದ್ದರಿಂದ ಕಲಾಕೃತಿಯ ಹಕ್ಕು ಅದಕ್ಕಿದೆ ಎಂದು ವಾದಿಸಿತು. 2008ರಲ್ಲಿ ಮೊದಲನೆಯ ನ್ಯಾಯಾಧೀಶರು ಒಂದು ಸೊಗಸಾದ ಉದಾಹರಣೆ ಕೊಟ್ಟರು: ಇಟ್ಟಿಗೆಯ ಗುಡ್ಡೆಯನ್ನು ಕಲಾಶಾಲೆಯಲ್ಲಿ ಎರಡು ವಾರ ಪ್ರದರ್ಶನಕ್ಕಿಟ್ಟರೆ ಅದು ಶಿಲ್ಪವಾಗಬಹುದು; ಅದೇ ಗುಡ್ಡೆ ಕಟ್ಟಡದ ಕೆಲಸಕ್ಕೆಂದು ನಮ್ಮ ಮನೆಯ ಮುಂದೆ ಎರಡು ವಾರ ಬಿದ್ದಿದ್ದರೆ ಆಗದು. 2011ರ ಜುಲೈಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಕಲಾಕೃತಿ ಎಂದರೆ ಚಿತ್ರ. ಶಿರಸ್ತ್ರಾಣ ಅದರ ತಯಾರಿಕೆಗೆ ಬೇಕಾದ ಒಂದು ಉಪಯೋಗದ ವಸ್ತು, ಶಿಲ್ಪವಲ್ಲ.

ನೋಡಿ, ಅಲ್ಲಿಯೂ ನಮ್ಮ ಅಧ್ಯಕ್ಷರ ಮಾತೇ ಗೆದ್ದಿತು ಎಂದು ಯಾರಾದರೂ ಹಿಗ್ಗುವ ಮುಂಚೆ, ಅಲ್ಲಿ ಗೆದ್ದವರಾರು, ಇಲ್ಲಿ ಸೋತವರಾರು ಎಂದು ವಿಚಾರಿಸಬೇಕು. ಕಲೆ ಕಲೆ ಎಂದು ಕೂಗಿದ್ದು ಕಂಪನಿ, ಇನ್ನೊಬ್ಬರು ಮಾಡಬಾರದೆಂಬುದಕ್ಕಾಗಿ. ಕಲೆಯಲ್ಲ ಎಂದು ತೀರ್ಪಾದ್ದರಿಂದ ಇಂಗ್ಲೆಂಡಿನಲ್ಲಿ ಒಬ್ಬ ಕುಶಲಕರ್ಮಿ ತನ್ನ ಕಾರ್ಖಾನೆಯಲ್ಲಿ ಆ ಶಿರಸ್ತ್ರಾಣವನ್ನು ಮಾಡುವ ಸ್ವಾತಂತ್ರ್ಯ ಉಳಿಸಿಕೊಂಡ. ನ್ಯಾಯಾಧೀಶರು ಹಕ್ಕು ಎಷ್ಟು ವರ್ಷ ಎಂಬುದನ್ನು ತೀರ್ಮಾನಿಸಿದರೇ ಹೊರತು ವಸ್ತು ನೋಡತಕ್ಕದ್ದೋ ಅಲ್ಲವೋ ಎಂಬುದನ್ನಲ್ಲ. ನಾವೋ, ಅದೇ ಎರಡು ಶಬ್ದಗಳಿಂದ ಮಾಡಿದವನನ್ನು ಬಾಗಿಲಾಚೆ ನಿಲ್ಲಿಸಿದೆವು. ಇಟ್ಟಿಗೆಯ ಮಾತನ್ನೇ ಹಿಡಿದರೂ ನಮಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ: ನೋಡಲೆಂದು ಇಡುವ ಜಾಗದಲ್ಲಿ ನೋಡಲೆಂದೇ ಇಡಲು ಅವನು ತಂದಿದ್ದ.

ಈ ಹವ್ಯಾಸದಲ್ಲಿ ದೋಷವಿಲ್ಲವೆಂದು ಯಾರೂ ತಿಳಿಯಬಾರದು. ಕೆಲವರಿಗೆ ತಿರುಪಿನ ಗಾತ್ರವೇ ಮತವಾಗಿಬಿಟ್ಟಿದೆ. ಒಂದು ಕೂದಲೆಳೆ ವ್ಯತ್ಯಾಸವಾದರೆ ಪಂಕ್ತಿಯಿಂದ ಎಬ್ಬಿಸುತ್ತಾರೆ. ಕತ್ತಿ ಮಾಡುವವರು ಕೊಂಡು ಕೊಂಡು ಹಳೆಯ ಗ್ರಾಫ್ಲೆಕ್ಸ್ ಹಿಡಿಗಳು ಕ್ಯಾಮೆರಾ ಪ್ರಿಯರಿಗೆ ದುರ್ಲಭವಾಗಿವೆ. ಅವರ ಸಿಟ್ಟು ನ್ಯಾಯವಾದದ್ದು. ರೆಸಿನ್ನಿನ ಹೊಗೆ, ಉಜ್ಜಿದ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ. ನಮ್ಮ ಹುಡುಗ ಮುಖಕ್ಕೆ ಬರೀ ಕರವಸ್ತ್ರ ಕಟ್ಟಿಕೊಂಡಿದ್ದನ್ನು ನೋಡಿ ಬೈದು ಬಂದೆ. ಮೂರು ಆಯಾಮದ ಮುದ್ರಣಯಂತ್ರ ಬಂದ ಮೇಲೆ ಗುಂಡಿ ಒತ್ತಿದರೆ ಕತ್ತಿ ಉದುರುತ್ತದೆ ಎನ್ನುವವರಿದ್ದಾರೆ. ಉದುರಿದ ಕತ್ತಿಯ ಮೈತುಂಬ ಪದರಪದರವಾಗಿ ಗೆರೆ ಇರುತ್ತದೆ. ಅದನ್ನು ಉಜ್ಜಲು ಮತ್ತೆ ಎಮರಿ ಕಾಗದವೇ ಬೇಕು, ಕೈಯೇ ಬೇಕು.

ಕಳೆದ ಶನಿವಾರ ಮತ್ತೆ ಆ ಅಂಗಡಿಗೆ ಹೋಗಿದ್ದೆ. ಹುಡುಗ ಪಂಕ್ಚರ್ ಹಾಕುತ್ತಿದ್ದ. ಹಿಡಿಯನ್ನು ಇನ್ನೊಮ್ಮೆ ತೋರಿಸಪ್ಪ ಎಂದರೆ, “ಬಿಚ್ಚಿಬಿಟ್ಟೆ ಸಾರ್, ಪಂಪಿನ ಕಡೆಯ ಸಂದು ಸರಿಯಾಗಿರಲಿಲ್ಲ” ಎಂದ. ನನ್ನನ್ನು ಸಮಾಧಾನಪಡಿಸಲು ಹೇಳಿದನೋ, ನಿಜವಾಗಿಯೂ ಸಂದು ಸರಿಯಿರಲಿಲ್ಲವೋ ತಿಳಿಯಲಿಲ್ಲ. ನಿರ್ಣಯದ ಹಾಳೆಯಿಂದ ನನ್ನ ರುಜುವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ಅಧ್ಯಕ್ಷರಿಗೆ ಕಾಗದ ಬರೆದಿದ್ದೇನೆ. ಮುಂದಿನ ಸಭೆಯಲ್ಲಿ ಓದಿಸಬೇಕೆಂದೂ ಕೇಳಿದ್ದೇನೆ. ಉತ್ತರ ಬಂದಿಲ್ಲ.